ಎರಡು ಬಾಗಿಲುಗಳ ನಡುವಿನ ಗೂಡು

ಹೋದ ಭಾನುವಾರ ಸಾಂಗ್ಲಿಯ ಹಳೇ ಕಚೇರಿ ನೋಡಲು ಹೋಗಿದ್ದೆ. ಕಚೇರಿ ಎಂದರೆ ನಮ್ಮ ಮನೆಮಾತಿನಲ್ಲಿ ಕೋರ್ಟು. ಮುಂದೆ ಕೋರ್ಟು, ಅದರ ಬೆನ್ನಿಗೆ ಜೈಲು, ಎರಡಕ್ಕೂ ನಡುವೆ ಒಂದೇ ಗೋಡೆ. ಸಂಸ್ಥಾನದ ಕಾಲದಲ್ಲಿ ರಾಜರು ಕಟ್ಟಿಸಿದ್ದು. ಈಗ ಕೋರ್ಟು ಹೊಸ ಕಟ್ಟಡಕ್ಕೆ ಹೋಗಿದೆ, ಕೈದಿಗಳನ್ನೂ ಬೇರೆ ಕಡೆ ಸಾಗಿಸಿದ್ದಾರೆ. ಖಾಲಿ ಬಿದ್ದ ಕಟ್ಟಡವನ್ನು ಊರವರಿಗೆ ತೋರಿಸುತ್ತೇವೆ ಬನ್ನಿ ಎಂದು ಕಾಲೇಜಿನ ಹುಡುಗ ಹುಡುಗಿಯರು ಕರೆದಿದ್ದರು. ಹುಟ್ಟಿದಾಗಿನಿಂದ ಕಂಡ ಕಟ್ಟಡವನ್ನು ಇವರೇನು ನನಗೆ ತೋರಿಸುವುದು ಎಂದು ಗೊಣಗುತ್ತಲೇ ಹೋದೆ.

ಹುಡುಗಿಯೊಬ್ಬಳು ಚೆನ್ನಾಗಿಯೇ ಹೇಳುತ್ತಿದ್ದಳು, ಮರಾಠಿಯಲ್ಲಿ. ಕರಿಕಲ್ಲಿನ ಕಮಾನುಗಳು ಯಾವ ಬಗೆಯವು, ಮಾಡಿಗೆ ತೇಗದ ತೊಲೆ ಎಲ್ಲಿಂದ ಬಂತು, ಗೋಪುರದ ಗಡಿಯಾರ ಯಾಕೆ ನಿಂತಿತು, ಎಲ್ಲವೂ ಅವಳಿಗೆ ಬಾಯಿಪಾಠ. ಗೋಡೆಯ ಮೇಲೆ ಕೃಷ್ಣೆಯ ಮಹಾಪೂರ ಬಿಟ್ಟುಹೋದ ಗೆರೆಯನ್ನೂ ತೋರಿಸಿದಳು. ನ್ಯಾಯಾಧೀಶರ ಕೋಣೆಯಿಂದ ಹಿಂದಿನ ಮೆಟ್ಟಿಲಿಳಿಸಿ ಜೈಲಿನ ಬಾಗಿಲಿಗೆ ಕರೆದುಕೊಂಡು ಹೋದಳು. ಅಲ್ಲಿ ದೊಡ್ಡ ಹೊರಬಾಗಿಲು, ಅದರೊಳಗೆ ತಲೆ ತಗ್ಗಿಸಿ ನುಗ್ಗಬೇಕಾದ ಸಣ್ಣ ಬಾಗಿಲು. ದಾಟಿದರೆ ಕತ್ತಲು ಕತ್ತಲಾದ ಒಂದು ಓಣಿ, ಓಣಿಯ ಕೊನೆಗೆ ಕಬ್ಬಿಣದ ಸರಳಿನ ಒಳಬಾಗಿಲು. ಓಣಿಯ ಬಲಗೋಡೆಯಲ್ಲಿ ಎದೆಯ ಎತ್ತರಕ್ಕೆ ಒಂದು ಗೂಡು. ಇದು ಪಹರೆಯವರು ಕಂದೀಲು ಇಡುತ್ತಿದ್ದ ಗೂಡು, ನೋಡಿ ಮಸಿ ಇನ್ನೂ ಇದೆ ಎಂದಳು. ಎಲ್ಲರೂ ಫೋನೆತ್ತಿ ಫೋಟೋ ತೆಗೆದರು.

ನಾನು ಸುಮ್ಮನಿದ್ದೆ. ಮಿರಜೆಯ ಶಾಲೆಯಲ್ಲಿ ನನ್ನ ಜೊತೆ ಕಲಿಸುವವರು ಇದನ್ನು ಕೇಳಿದರೆ ನಂಬುವುದಿಲ್ಲ. ತಪ್ಪು ಕಂಡಲ್ಲಿ ಬಾಯಿ ಹಾಕುವುದು ನನ್ನ ಹುಟ್ಟುಗುಣ. ಆದರೆ ಅವಳು ಹೇಳಿದ್ದು ತಪ್ಪು ಎಂದು ಹೇಗೆ ಹೇಳಲಿ? ಕಂದೀಲು ಇಟ್ಟೂ ಇರಬಹುದು. ನನಗೆ ಗೊತ್ತಿದ್ದುದು ಅದೇ ಗೂಡಿನ ಇನ್ನೊಂದು ಕಥೆ.

ಆ ಕಥೆ ನಮ್ಮ ಅಜ್ಜನದು. ನಮ್ಮ ಮನೆಯವರು ಸಾಂಗ್ಲಿ ಪೇಟೆಯಲ್ಲಿ ಅರಿಸಿನದ ವ್ಯಾಪಾರದವರು, ಕನ್ನಡದವರು, ಲಿಂಗವಂತರು. ಸಂಜೆ ನನ್ನನ್ನು ಕೈಹಿಡಿದು ನಡೆಸಿಕೊಂಡು ಹೋಗುವಾಗ ಅಜ್ಜ ಕಚೇರಿಯ ಮುಂದೆ ನಿಂತು ಹೇಳುತ್ತಿದ್ದ: ರಾಜರ ಕಾಲದಲ್ಲಿ ನಮ್ಮ ವ್ಯಾಪಾರಸ್ಥರು ಜಗಳವಾಡಿಕೊಂಡು ಜೈಲು ಸೇರಿದರೆ ಲಿಂಗವನ್ನು ಒಳಗೆ ಒಯ್ಯಲು ಒಪ್ಪುತ್ತಿರಲಿಲ್ಲವಂತೆ, ಲಿಂಗ ಬಿಟ್ಟು ಉಣ್ಣಲೂ ಒಪ್ಪುತ್ತಿರಲಿಲ್ಲವಂತೆ. ಅದಕ್ಕೇ ರಾಜರು ಎರಡು ಬಾಗಿಲ ನಡುವೆ ಲಿಂಗ ಇಡಲು ಗೂಡು ಮಾಡಿಸಿಕೊಟ್ಟರಂತೆ. ಅಜ್ಜನ ಮಾತಿಗೆ ಆಧಾರ ಕೇಳಬೇಡಿ. ಕೃಷ್ಣೆಯಲ್ಲಿ ಆನೆಯಷ್ಟು ದೊಡ್ಡ ಮೊಸಳೆ ಕಂಡಿದ್ದೇನೆ ಎಂದೂ ಅದೇ ಬಾಯಿಂದ ಹೇಳುತ್ತಿದ್ದ.

ಆ ಗೂಡನ್ನು ನಾನು ಕಣ್ಣಾರೆ ಕಂಡದ್ದು ಮಾತ್ರ ಕಾಕಾನ ದೆಸೆಯಿಂದ, ಕಟ್ಟಡದಲ್ಲಿ ಇನ್ನೂ ಕೋರ್ಟೂ ಜೈಲೂ ನಡೆಯುತ್ತಿದ್ದ ಕೊನೆಯ ದಿನಗಳಲ್ಲಿ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಅಪ್ಪ ಹೋದ ಮೇಲೆ ಅಂಗಡಿ ನಡೆಸುತ್ತಿರುವವನು ಅವನೇ. ಅವನ ಹೆಂಡತಿ, ನಮ್ಮ ಕಾಕು, ತೀರಿಹೋಗಿ ಕೆಲವು ವರ್ಷಗಳಾಗಿವೆ. ಒಬ್ಬ ಮಗನಿದ್ದಾನೆ, ಕನ್ನಡ ಪೂರಾ ತಿಳಿಯುತ್ತದೆ, ಆಡುವುದು ಮರಾಠಿ. ಕಾಕಾ ಸಕ್ಕರೆ ಕಾಯಿಲೆಯವನು. ಹೊತ್ತಿಗೆ ಸರಿಯಾಗಿ ಗುಳಿಗೆ, ಹೊತ್ತಿಗೆ ಸರಿಯಾಗಿ ಊಟ. ಹೊತ್ತು ತಪ್ಪಿದರೆ ಬೆವತು ಕೂತಲ್ಲೇ ಕುಸಿಯುತ್ತಾನೆ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ನಮ್ಮ ಮನೆತನದ ಆಸ್ತಿ ಅದು, ನನಗೂ ಪಾಲು ಬಂದಿದೆ.

ಪಕ್ಕದ ಬೆಲ್ಲದ ಅಂಗಡಿಯವರು ಕಾಕಾನ ವಾರಿಗೆಯವರೇ. ಚಡ್ಡಿ ಹಾಕಿಕೊಂಡಿದ್ದಾಗಿನಿಂದ ಜೊತೆಗೆ ಬೆಳೆದವರು, ಅವರೂ ನಮ್ಮ ಹಾಗೇ ಕನ್ನಡದವರು, ಲಿಂಗವಂತರು. ಮಹಾಪೂರಕ್ಕೆ ಹೆದರಿ ಅವರು ತಮ್ಮ ಅಂಗಡಿಯ ಹೊಸ್ತಿಲನ್ನು ಎತ್ತರಿಸಿದರು. ಆಮೇಲೆ ದೊಡ್ಡ ಮಳೆ ಬಂದಾಗಲೆಲ್ಲ ಅಲ್ಲಿ ತಡೆದ ನೀರು ನಮ್ಮ ಅಂಗಡಿಗೆ ನುಗ್ಗತೊಡಗಿತು. ಅರಿಸಿನದ ಚೀಲ ನೆಂದರೆ ಮುಗಿಯಿತು, ಬೂಸಲು ಹಿಡಿಯುತ್ತದೆ. ತಿಂಗಳುಗಟ್ಟಲೆ ಮಾತಿಗೆ ಮಾತು ಬೆಳೆಯಿತು. ಒಂದು ಶುಕ್ರವಾರ ಬೆಳಿಗ್ಗೆ ಹಸಿ ಚೀಲದ ಮುಂದೆ ನಿಂತು ಕಾಕಾ ಬೈಯುತ್ತಿದ್ದ, ಅವರೂ ಬೈದರು, ಕಾಕಾನ ಕೈಯಲ್ಲಿ ಶಟರು ಎಳೆಯುವ ಕಬ್ಬಿಣದ ಕೋಲಿತ್ತು. ಬೀಸಿಯೇಬಿಟ್ಟ. ಅವರ ಬಲಗೈ ಮುರಿಯಿತು.

ಅವರ ಮನೆಯವರು ಪೊಲೀಸರಿಗೆ ದೂರು ಕೊಟ್ಟರು. ಕೊಡದೆ ಏನು ಮಾಡುತ್ತಾರೆ? ನಮ್ಮವರ ಕೈ ಮುರಿದಿದ್ದರೆ ನಾವೂ ಕೊಡುತ್ತಿದ್ದೆವು. ಸಂಜೆಗೆ ಕಾಕಾನನ್ನು ಕೋರ್ಟಿನ ಮುಂದೆ ನಿಲ್ಲಿಸಿದರು. ಶನಿವಾರ, ಭಾನುವಾರ, ಅದರ ಬೆನ್ನಿಗೇ ಹಬ್ಬದ ರಜೆ. ಜಾಮೀನಿನ ಮಾತು ರಜೆ ಮುಗಿದ ಮೇಲೆ ಎಂದಾಯಿತು. ಅಲ್ಲಿಯವರೆಗೆ ಜೈಲು. ಕೋರ್ಟಿನ ಹಿಂದಿನ ಮೆಟ್ಟಿಲುಗಳನ್ನು ಕಾಕಾ ಗೋಡೆ ಹಿಡಿದುಕೊಂಡು ಇಳಿದ. ಹಿಂದೆ ನಾನು, ಕಾಕಾನ ಮಗ. ಇಷ್ಟು ದೊಡ್ಡ ಕಟ್ಟಡ ಕಟ್ಟಿದವರು ಈ ಮೆಟ್ಟಿಲಿಗೆ ಒಂದು ಕಿಟಕಿ ಇಡಬಾರದಿತ್ತೇ ಎಂದು ನನಗೆ ಆ ಹೊತ್ತಿನಲ್ಲೂ ರೇಗಿತು.

ಜೈಲಿನ ಬಾಗಿಲಲ್ಲಿ ಮೈಮೇಲಿನದನ್ನೆಲ್ಲ ಬಿಚ್ಚಿಸುತ್ತಾರೆ. ಉಂಗುರ, ಗಡಿಯಾರ, ಬೆಲ್ಟು ಎಲ್ಲ ಬಂತು. ಕೊನೆಗೆ ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಜೈಲಿನ ಸಾಹೇಬರು ಮರಾಠಿಯವರು, ಸಮಾಧಾನದ ಮನುಷ್ಯ. ಬೆಳ್ಳಿಯೂ ಉದ್ದನೆಯ ದಾರವೂ ಒಳಗೆ ಹೋಗುವಂತಿಲ್ಲ, ದೇವರನ್ನು ಬೇಕಾದರೆ ಬಟ್ಟೆಯಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಳ್ಳಲಿ, ನನ್ನ ಅಡ್ಡಿಯಿಲ್ಲ ಎಂದರು. ಅಷ್ಟು ಹೇಳುವವರು ಎಷ್ಟು ಜನ ಸಿಗುತ್ತಾರೆ? ನಾನು ಕೈಮುಗಿಯಬೇಕೆಂದಿದ್ದೆ. ಅಷ್ಟರಲ್ಲಿ ಕಾಕಾ ದಾರದ ಗಂಟು ಬಿಚ್ಚಿ ಕರಡಿಗೆಯನ್ನು ನನ್ನ ಸೆರಗಿಗೆ ಹಾಕಿದ.

“ಮಾಡಿದಾಂವಾ ನಾ. ನಾ ಹೋಗ್ತೇನಿ. ಇಂವಾ ಏನ ಮಾಡ್ಯಾನಂತ ಇಂವನ್ನ ಜೈಲಿಗೆ ಒಯ್ಲಿ?”

ನಾನು ಬಾಯಿ ತೆರೆಯುವಷ್ಟರಲ್ಲಿ ತಲೆ ತಗ್ಗಿಸಿ ಸಣ್ಣ ಬಾಗಿಲು ನುಗ್ಗಿಬಿಟ್ಟ. ಗೊತ್ತಿಲ್ಲದವರಿಗೆ ಇದರಲ್ಲೇನು ಎನಿಸಬಹುದು. ನಮ್ಮಲ್ಲಿ ಲಿಂಗ ಮೈಬಿಟ್ಟು ಇರುವಂತಿಲ್ಲ. ಸ್ನಾನವಾದ ಮೇಲೆ ಅದನ್ನು ಎಡಗೈಯ ಅಂಗೈಯಲ್ಲಿ ಹಿಡಿದು, ನೀರೆರೆದು, ವಿಭೂತಿ ಹಚ್ಚಿ ಪೂಜೆ ಮಾಡಿದ ಮೇಲೆಯೇ ತುತ್ತು ಬಾಯಿಗೆ. ಈಗಿನವರು ಬಿಟ್ಟಿರಬಹುದು, ಕಾಕಾ ಒಂದು ದಿನವೂ ಬಿಟ್ಟವನಲ್ಲ. ಜ್ವರದಲ್ಲಿ ಬಿಟ್ಟಿಲ್ಲ, ಕಾಕು ಸತ್ತ ದಿನ ಬಿಟ್ಟಿಲ್ಲ. ಅಂಥವನು ಲಿಂಗವನ್ನು ಹೊರಗೆ ಬಿಟ್ಟು ಒಳಗೆ ಹೋದರೆ ಅಲ್ಲಿ ಉಣ್ಣುವುದು ಹೇಗೆ? ದೇವರಿಗೆ ಮರ್ಯಾದೆ ಮಾಡಲು ಹೋಗಿ ತನ್ನ ಅನ್ನದ ದಾರಿಯನ್ನು ತಾನೇ ಮುಚ್ಚಿಕೊಂಡಿದ್ದ. ಇಂಥ ಹುಚ್ಚು ನಮ್ಮವರೇ ಮಾಡಬೇಕು.

ಆ ಸಂಜೆ ಮಿರಜೆಯ ನನ್ನ ಮನೆಗೆ ಹೋಗುವ ಬಸ್ಸಿನಲ್ಲಿ ಕರಡಿಗೆಯನ್ನು ಮಡಿಲಲ್ಲಿಟ್ಟು ಎರಡೂ ಕೈ ಮುಚ್ಚಿಕೊಂಡು ಕೂತಿದ್ದೆ. ಟಿಕೆಟ್ಟಿಗೆ ಪರ್ಸು ತೆಗೆಯಲು ಕೈ ಬಿಡಲೊಲ್ಲೆ. ಕಂಡಕ್ಟರ್ ಎರಡು ಸಲ ಕೇಳಿ, ಮೂರನೆಯ ಸಲ ನನ್ನ ಮುಖ ನೋಡಿ, ಇಳಿಯುವಾಗ ಕೊಡಿ ಮಾವಶಿ ಎಂದು ಮುಂದೆ ಹೋದ. ಮನೆಯಲ್ಲಿ ಅದನ್ನು ನನ್ನ ಪೂಜೆಯ ಪೆಟ್ಟಿಗೆಯ ಮೇಲೆ ಮಡಿಬಟ್ಟೆ ಹಾಸಿ ಇಟ್ಟೆ. ಬೆಳಿಗ್ಗೆ ನನ್ನ ಲಿಂಗದ ಪೂಜೆ ಮುಗಿಸಿದೆ. ಕಾಕಾನದನ್ನು ಮುಟ್ಟುವ ಹಕ್ಕು ನನಗಿರಲಿಲ್ಲ. ಅದರ ಮುಂದೆ ಕೂತು ತಿಂಡಿ ತಿನ್ನಲು ನನಗೂ ಆಗಲಿಲ್ಲ.

ಹೊತ್ತೇರುವ ಮೊದಲೇ ಕಾಕಾನ ಮಗ ಫೋನು ಮಾಡಿದ. ಅಪ್ಪ ರಾತ್ರಿ ಉಂಡಿಲ್ಲವಂತೆ, ಬೆಳಗಿನ ಚಹಾನೂ ಒಲ್ಲೆ ಎಂದನಂತೆ, ಗುಳಿಗೆಯನ್ನೂ ಮುಟ್ಟಿಲ್ಲವಂತೆ. ಜೈಲಿನ ಡಾಕ್ಟರು ಬಂದು ನೋಡಿ, ಹೀಗೇ ಬಿಟ್ಟರೆ ಈ ವಯಸ್ಸಿಗೆ ಜೀವಕ್ಕೇ ಅಪಾಯ ಎಂದರಂತೆ. ನಾನು ಕರಡಿಗೆ, ಒಂದು ತಂಬಿಗೆ, ವಿಭೂತಿ, ಬೇಲಿಯಲ್ಲಿ ಸಿಕ್ಕ ಕಣಗಿಲೆ ಹೂ ಚೀಲಕ್ಕೆ ಹಾಕಿಕೊಂಡು ಹೊರಟೆ. ಏನು ಮಾಡುತ್ತೇನೆ ಎಂಬುದು ಗೊತ್ತಿರಲಿಲ್ಲ. ಕಾಕಾನಿಗೆ ನಾಲ್ಕು ಮಾತು ಬೈಯಬೇಕು ಎಂಬುದಷ್ಟೇ ಗೊತ್ತಿತ್ತು.

ರಜೆಯ ದಿನವಾದರೂ ಸಾಹೇಬರು ಭೇಟಿಗೆ ಬಿಟ್ಟರು. ಅವರಿಗೂ ಹೆದರಿಕೆಯೇ. ಸರಳಿನ ಒಳಬಾಗಿಲಿನ ಆಚೆ ಕಾಕಾ, ಈಚೆ ನಾನು. ಒಂದೇ ದಿನದಲ್ಲಿ ಮುಖ ಅರ್ಧವಾಗಿತ್ತು. ತುಟಿ ಒಣಗಿ ಬಿಳಿಚಿಕೊಂಡಿತ್ತು. ನೋಡಿದ್ದೇ ನನ್ನ ಬಾಯಿಂದ ಬೈಗುಳವೇ ಬಂತು. ಸತ್ತು ಯಾರಿಗೆ ಉಪಕಾರ ಮಾಡುತ್ತೀ ಎಂದೆ. ನಿನ್ನ ಮಗನ ಮುಖ ನೋಡು ಎಂದೆ. ಸಾಹೇಬರು ಒಳ್ಳೆಯವರು, ಬಟ್ಟೆಯಲ್ಲಿ ಸುತ್ತಿಕೊಂಡು ಒಳಗೆ ಒಯ್ಯಿ, ಜೈಲಿನಲ್ಲಿ ಶಿವ ಇಲ್ಲವೇನು ಎಂದೂ ಕೇಳಿದೆ.

ಕಾಕಾ ಸರಳುಗಳ ನಡುವಿನಿಂದ ಎಡಗೈಯನ್ನು ಈಚೆ ಚಾಚಿ ಅಂಗೈ ಮೇಲೆ ಮಾಡಿದ.

“ನಾ ಎಡಚ ಅದೇನಿ, ಯವ್ವಾ. ಗೆಳ್ಯಾನ ಕೈ ಮುರದದ್ದು ಇದ ಕೈ. ಇದರಾಗ ಅಂವನ್ನ ಹೆಂಗ ಹಿಡೀಲಿ?”

ಕಾಕಾ ಎಡಚ ಎಂಬುದು ನಮಗೆಲ್ಲ ಗೊತ್ತಿದ್ದದ್ದೇ. ಎಡಗೈಯಿಂದ ಬರೆಯುವುದಕ್ಕೆ, ಎಡಗೈಯಿಂದ ತಕ್ಕಡಿ ಹಿಡಿಯುವುದಕ್ಕೆ ಚೇಷ್ಟೆ ಮಾಡಿಕೊಂಡೇ ಬೆಳೆದವರು ನಾವು. ಲಿಂಗವನ್ನು ಹಿಡಿಯುವ ಅಂಗೈಯೂ ಅದೇ ಎಂದು ನನಗೆ ಹೊಳೆದಿರಲಿಲ್ಲ. ನಿನ್ನೆ ಹೇಳಿದ್ದು ದೇವರಿಗೆ ಜೈಲು ಬೇಡವೆಂಬ ನೆಪ. ಒಳಗಿದ್ದ ಮಾತು ಇದು. ನನಗೆ ಅಳು ಬಂತು. ಅತ್ತೆ. ಪಹರೆಯವನು ಆ ಕಡೆ ಮುಖ ತಿರುಗಿಸಿದ.

ಕಣ್ಣೊರೆಸಿಕೊಳ್ಳಲು ತಿರುಗಿದಾಗ ಬಲಗೋಡೆಯಲ್ಲಿ ಗೂಡು ಕಂಡಿತು. ಒಳಗೆ ಯಾರೋ ಬೀಗದಕೈ ಗೊಂಚಲು, ಬೆಂಕಿಪೊಟ್ಟಣ ಇಟ್ಟಿದ್ದರು. ಅಜ್ಜನ ಗೂಡು. ಇಷ್ಟು ವರ್ಷ ಅದನ್ನೂ ಮೊಸಳೆಯ ಲೆಕ್ಕಕ್ಕೇ ಹಾಕಿದ್ದೆ.

ಸಾಹೇಬರ ಕೋಣೆಗೆ ಹೋಗಿ ಅಜ್ಜ ಹೇಳಿದ ಕಥೆ ಹೇಳಿದೆ. ಈ ಓಣಿ ಎರಡು ಬಾಗಿಲ ನಡುವಿನದು, ಒಳಗೂ ಅಲ್ಲ, ಹೊರಗೂ ಅಲ್ಲ. ಲಿಂಗ ಗೂಡಿನಲ್ಲಿದ್ದರೆ ಜೈಲಿಗೆ ಹೋದಂತಾಗುವುದಿಲ್ಲ, ಕಾಕಾ ಓಣಿಗೆ ಬಂದರೆ ಜೈಲು ಬಿಟ್ಟಂತಾಗುವುದಿಲ್ಲ. ದಿನಾ ಬೆಳಿಗ್ಗೆ ನಾನು ತರುತ್ತೇನೆ, ಪೂಜೆಯಾದ ಮೇಲೆ ಒಯ್ಯುತ್ತೇನೆ ಎಂದೆ. ಅವರು ನಕ್ಕರು. ಈ ರಾಜರ ಕಥೆ ನಾನು ಎಲ್ಲೂ ಕೇಳಿಲ್ಲವಲ್ಲ ತಾಯಿ ಎಂದರು. ನಾನೂ ಅಜ್ಜನ ಹೊರತು ಬೇರೆ ಯಾರಿಂದಲೂ ಕೇಳಿಲ್ಲ ಎಂದೆ. ಸುಳ್ಳು ಹೇಳಿ ಕೆಲಸ ಮಾಡಿಸಿಕೊಳ್ಳುವ ಜಾಣತನ ನನಗೆ ಬರುವುದಿಲ್ಲ. ಅವರು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆಯುತ್ತ, ಹಾಕುತ್ತ ಕೂತರು. ತಮ್ಮ ತಂದೆ ವರ್ಷವರ್ಷ ವಿಠೋಬನ ಯಾತ್ರೆಗೆ ನಡೆದು ಹೋಗುವ ವಾರಕರಿಯಾಗಿದ್ದರು, ಕೊರಳಲ್ಲಿ ತುಳಸಿಮಾಲೆ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವಾಗಲೂ ಮಾಲೆ ತೆಗೆಯಲು ಒಪ್ಪದೆ ಡಾಕ್ಟರರ ಜೊತೆ ಜಗಳ ಮಾಡಿದ್ದರು ಎಂದು ಹೇಳಿದರು. ಎದ್ದು ಬಂದು ಗೂಡಿನಲ್ಲಿದ್ದ ಬೀಗದಕೈ ಗೊಂಚಲನ್ನು ತಾವೇ ತೆಗೆದರು.

ಗೂಡನ್ನು ತೊಳೆದು, ಮಡಿಬಟ್ಟೆ ಹಾಸಿ, ಕರಡಿಗೆಯ ಮುಚ್ಚಳ ತೆಗೆದು ಇಟ್ಟೆ. ಕಾಕಾನನ್ನು ಓಣಿಗೆ ಕರೆತಂದರು. ಹಿಡಿಯಬೇಡ, ನೋಡು ಅಷ್ಟೇ ಎಂದೆ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗೂಡಿನ ಮುಂದೆ ನಿಂತ, ಶಾಲೆಯಲ್ಲಿ ಶಿಕ್ಷೆಗೆ ನಿಲ್ಲಿಸಿದ ಹುಡುಗನ ಹಾಗೆ. ಲಿಂಗ ಮುಟ್ಟದಂತೆ ಮೇಲಿನಿಂದ ನೀರೆರೆದೆ, ಹೂ ಇಟ್ಟೆ. ಕಾಕಾನ ತುಟಿ ಅಲ್ಲಾಡುತ್ತಿತ್ತು. ಸ್ವಾಮಿಗಳು ನೋಡಿದ್ದರೆ ಹತ್ತು ತಪ್ಪು ತೆಗೆಯುತ್ತಿದ್ದರು, ತೆಗೆಯಲಿ. ಸಕ್ಕರೆ ಕಾಯಿಲೆಯ ಮನುಷ್ಯ ಉಣ್ಣದೆ ಕೂತಿದ್ದಾಗ ನನಗೆ ತೋಚಿದ್ದು ಅಷ್ಟೇ.

ಪೂಜೆಯಾದ ಮೇಲೆ ಅಲ್ಲೇ ಓಣಿಯಲ್ಲಿ ಕೂಡಿಸಿ ಜೈಲಿನ ಚಪಾತಿ, ಬೇಳೆ ಕೊಟ್ಟರು. ಚಪಾತಿ ಹೊದಿಕೆಯಷ್ಟು ದಪ್ಪ. ಕಾಕಾ ಒಂದು ತುತ್ತು ಬಾಯಿಗಿಟ್ಟ. ಅಗಿದ, ನುಂಗಿದ. ಆಮೇಲೆ ಮುಖ ಗಂಟು ಹಾಕಿ, ಬೇಳೆಗೆ ಉಪ್ಪಿಲ್ಲ ಎಂದ. ಅವನ ಮಗ ಹೊರಬಾಗಿಲಲ್ಲಿ ನಿಂತು ಒಂದು ಕಣ್ಣಲ್ಲಿ ಅಳುತ್ತ ಒಂದು ಕಣ್ಣಲ್ಲಿ ನಗುತ್ತಿದ್ದ. ಕಾಕಾ ಉಪ್ಪಿಗಾಗಿ ತಕರಾರು ತೆಗೆದ ಎಂದರೆ ಬದುಕುತ್ತಾನೆ ಎಂದೇ ಅರ್ಥ.

ರಜೆ ಮುಗಿಯುವವರೆಗೂ ಹಾಗೇ ನಡೆಯಿತು. ದಿನಾ ಬೆಳಿಗ್ಗೆ ಮಿರಜೆಯಿಂದ ಬಸ್ಸು, ಮಡಿಲಲ್ಲಿ ಕರಡಿಗೆ. ಕಂಡಕ್ಟರನಿಗೂ ರೂಢಿಯಾಗಿ, ಕಿಟಕಿಯ ಪಕ್ಕ ಜಾಗ ಮಾಡಿಸಿ ಕೊಡುತ್ತಿದ್ದ. ಪಹರೆಯವನೊಬ್ಬ ತಾನೇ ಗೂಡು ಒರೆಸಿ ಇಡತೊಡಗಿದ. ವಿಜಾಪುರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಯಾವುದೋ ಹೊಡೆದಾಟದಲ್ಲಿ ಸಿಕ್ಕಿಕೊಂಡಿದ್ದ ಕೈದಿಯೊಬ್ಬ, ಒಳಗೆ ಕನ್ನಡ ಮಾತಾಡುವವರು ಸಿಕ್ಕರೆಂದು ಕಾಕಾನ ಬೆನ್ನು ಬಿಡುತ್ತಿರಲಿಲ್ಲವಂತೆ. ಕಾಕಾ ಉಂಡ, ಗುಳಿಗೆ ನುಂಗಿದ, ಮಾತಾಡಿದ. ಆದರೆ ಒಂದು ದಿನವೂ ಕೈಯನ್ನು ಬೆನ್ನ ಹಿಂದಿನಿಂದ ಮುಂದೆ ತರಲಿಲ್ಲ.

ಕೋರ್ಟು ತೆರೆದ ದಿನ ಜಾಮೀನು ಸಿಕ್ಕಿತು. ಆ ಎತ್ತರದ ಮಾಡಿನ ಕೆಳಗೆ, ಮೊಳಗುವ ಕೋಣೆಯಲ್ಲಿ ನಮ್ಮ ಜಾಮೀನಿನ ಅರ್ಜಿ ಎರಡು ಮಾತಿನಲ್ಲಿ ಮುಗಿದುಹೋಯಿತು. ಬೆಲ್ಲದ ಅಂಗಡಿಯವರ ಕಡೆಯಿಂದ ಯಾರೂ ಅಡ್ಡ ಮಾತಾಡಲಿಲ್ಲ. ಸಂಜೆ ಕಾಕಾ ಸಣ್ಣ ಬಾಗಿಲಿನಿಂದ ತಲೆ ತಗ್ಗಿಸಿ ಹೊರಗೆ ಬಂದ. ನಾನು ಕರಡಿಗೆಯನ್ನು ಮುಂದೆ ಹಿಡಿದೆ. ತೆಗೆದುಕೊಳ್ಳಲಿಲ್ಲ. ರಿಕ್ಷಾ ಹತ್ತಿ ಬೆಲ್ಲದ ಅಂಗಡಿಯವರ ಮನೆಯ ಓಣಿಯ ಗುರುತು ಹೇಳಿದ. ಮಗ ಮರಾಠಿಯಲ್ಲಿ ಹಾರಾಡಿದ: ಜಾಮೀನಿನ ಮೇಲೆ ಬಂದವರು ಅವರ ಮನೆ ಮುಂದೆ ನಿಲ್ಲಬಾರದು, ವಕೀಲರು ಹೇಳಿದ್ದಾರೆ, ಮತ್ತೆ ಒಳಗೆ ಹಾಕುತ್ತಾರೆ. ಅವನು ಹೇಳಿದ್ದು ಸರಿಯೇ ಇತ್ತು. ಆದರೆ ಕಾಕಾನ ಮುಖ ನೋಡಿ ರಿಕ್ಷಾದವನಿಗೆ ನಡೆಯಪ್ಪ ಎಂದವಳು ನಾನೇ.

ಅವರು ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಬಲಗೈಗೆ ಪ್ಲಾಸ್ಟರು, ಕೊರಳಿಂದ ಜೋಲಿ. ನಮ್ಮನ್ನು ಕಂಡು ಅವರ ಹೆಂಡತಿ ಎದ್ದು ಒಳಗೆ ಹೋದರು. ಕಾಕಾ ಕಟ್ಟೆ ಹತ್ತಲಿಲ್ಲ. ಕೆಳಗೆ, ಚಪ್ಪಲಿ ಬಿಡುವ ಕಲ್ಲಿನ ಹತ್ತಿರ ನಿಂತ. ಪಕ್ಕದ ಮನೆಯ ಕುಕ್ಕರು ಸೀಟಿ ಹಾಕಿತು.

“ಉಂಡೀಯೇನು?” ಎಂದು ಕೊನೆಗೆ ಅವರೇ ಕೇಳಿದರು.

“ಹೊರಗ ಬಂದ ಮ್ಯಾಲ ಹೆಂಗ ಉಣ್ಣಲಿ,” ಎಂದ ಕಾಕಾ. “ಲಿಂಗ ಕಟ್ಟಿಲ್ಲ.”

ಅವರ ಕಣ್ಣು ನನ್ನ ಕೈಯಲ್ಲಿದ್ದ ಕರಡಿಗೆಗೆ ಬಂತು, ಅಲ್ಲಿಂದ ಕಾಕಾನ ಕಡೆಗೆ ಹೋಯಿತು. ಅವನು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದ. ತಕ್ಕಡಿಯ ಎರಡು ಬದಿಗೆ ಕೂತು ಬಾಳು ಕಳೆದವರು. ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಮೇಲೆ ಬಾ ಎಂದು ತಲೆಯಾಡಿಸಿದರು. ಕಾಕಾ ಹತ್ತಿ ಅವರ ಮುಂದೆ ಕೂತ. ಅವರು ನನ್ನಿಂದ ಕರಡಿಗೆಯನ್ನು ಇಸಿದುಕೊಂಡು, ಒಂದೇ ಕೈಯಿಂದ ದಾರವನ್ನು ಕಾಕಾನ ಕೊರಳ ಸುತ್ತ ತರಲು ನೋಡಿದರು. ಗಂಟು ಹಾಕುವ ಕಡೆ ದಾರ ಜಾರಿತು. ಮತ್ತೆ ನೋಡಿದರು, ಮತ್ತೆ ಜಾರಿತು. ನಾನು ಹಿಡಿಯಲು ಮುಂದಾದೆ. ಬೇಡವೆಂದು ಕಣ್ಣಲ್ಲೇ ತಡೆದರು.

“ನನ್ನ ಕೈಯಂತೂ ನೀ ಮುರದಿಟ್ಟೀದಿ. ಆ ತುದಿ ನೀನ ಹಿಡಿ.”

ಕಾಕಾ ಎಡಗೈಯನ್ನು ಮುಂದೆ ತಂದ. ಒಂದು ತುದಿ ಅವನ ಬೆರಳಲ್ಲಿ, ಇನ್ನೊಂದು ಅವರ ಬೆರಳಲ್ಲಿ. ಗಂಟು ಬಿತ್ತು, ಸೊಟ್ಟಗೆ, ದಪ್ಪಗೆ. ಆಮೇಲೆ ಅವರು ಕರಡಿಗೆಯ ಮುಚ್ಚಳ ತೆಗೆದು, ಲಿಂಗವನ್ನು ನೀನೇ ತೆಗೆದುಕೊ ಎಂಬಂತೆ ಮುಂದೆ ಹಿಡಿದರು. ಕಾಕಾ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡ. ಕೈ ಎಷ್ಟು ನಡುಗುತ್ತಿತ್ತೆಂದರೆ ಎಲ್ಲಿ ಬೀಳಿಸುತ್ತಾನೋ ಎಂದು ನಾನು ಸೆರಗೊಡ್ಡಿದೆ. ಅವರು ತಮ್ಮ ಎಡಗೈಯನ್ನು ಕಾಕಾನ ಕೈಯ ಕೆಳಗೆ ಕೊಟ್ಟರು. ನಡುಕ ನಿಲ್ಲುವವರೆಗೂ ಹಾಗೇ ಹಿಡಿದಿದ್ದರು. ಒಳಗಿನಿಂದ ಅವರ ಹೆಂಡತಿ ತಂಬಿಗೆಯಲ್ಲಿ ಪೂಜೆಗೆ ನೀರು ತಂದಿಟ್ಟರು.